ಹಾರ್ನ್ ಅಡಿಯಲ್ಲಿದ್ದ ಎಂಟು ಸಾಲು

ಬಾಯಿ ತೆರೆಯುವುದಕ್ಕೆ ಮೊದಲು ಅವನ ಕೊರಳಿನ ಎಡಗಡೆ ನರವೊಂದು ಕಿರುಬೆರಳಿನ ಗಾತ್ರಕ್ಕೆ ಎದ್ದು ನಿಲ್ಲುತ್ತಿತ್ತು. ಅದು ಎದ್ದಿತೆಂದರೆ ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಜೀಪಿಗೆ ಕಾಯುತ್ತಿದ್ದವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಲಗಿದ್ದ ನಾಯಿಗಳು ಎದ್ದು ಜಾಗ ಬದಲಾಯಿಸುತ್ತಿದ್ದವು. "ಬಣಕಲ್ ಬಣಕಲ್ ಕೊಟ್ಟಿಗೆಹಾರ, ಬಾಳೂರ್ ಕಳಸ ಹೊರನಾಡು! ಕೂತೋರು ಸರೀರಿ, ನಿಂತೋರು ಬಾಗ್ರಿ, ಬಾಗಿದೋರು ಹೊಟ್ಟೆ ಒಳಗೆಳ್ಕೊಳ್ರಿ, ಅಜ್ಜಿ ಬುಟ್ಟಿ ಮೇಲಿಡ್ರಿ, ಕೋಳಿ ಕಾಲು ಕೆಳಗಿಡ್ರಿ!" ಇಷ್ಟೂ ಒಂದೇ ಉಸಿರಿಗೆ. ಜೀಪಿನ ಹಿಂದಿನ ಹಲಗೆಯ ಮೇಲೆ ಅವನ ಜೊತೆಗಾರ ಕೂತು, ಖಾಲಿ ಡೀಸೆಲ್ ಡಬ್ಬವೊಂದನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ತಾಳ ಹಾಕುತ್ತಿದ್ದ. ಇಬ್ಬರದೂ ಒಂದೇ ವಯಸ್ಸು, ಒಂದೇ ಜೀಪು. ಇವನು ಡ್ರೈವರ್, ಅವನು ಕ್ಲೀನರ್.

ಊರೆಲ್ಲ ಇವನನ್ನು ಭಾಯಿ ಎನ್ನುತ್ತಿತ್ತು. ಹ್ಯಾಂಡ್‌ಪೋಸ್ಟ್ ಕಡೆ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್ ಸಾಹೇಬರ ಎರಡನೇ ಮಗ. ಈಗ ಮೀಸೆ ಬಲಿಯುವ ಮೊದಲೇ ಫೋನಿನಲ್ಲಿ ರ‍್ಯಾಪ್ ಹಾಡಿ ಬಿಡುವ ಹುಡುಗರಿದ್ದಾರಲ್ಲ, ಅವರಿಗೆ ಅವನು ಗೊತ್ತಿದ್ದರೆ 'ಹಾರ್ನ್ ಭಾಯಿ' ಎಂದೇ ಗೊತ್ತು. ಆ ಹೆಸರು ಅವನಿಗೆ ಬಂದದ್ದು ನನ್ನಿಂದ. ಅವನಾಗಿ ಕೇಳಿ ಪಡೆದದ್ದಲ್ಲ.

ನನ್ನದು ಪೇಟೆಯಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ. ಗಿರಾಕಿಗಳು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಂಡು ಬಂದರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಕೆಲಸ. ನಾನು ಹುಟ್ಟಾ ಚಿಂತೆಯವನು. ಗುಡುಗು ಸಕಲೇಶಪುರದ ಕಡೆ ಕೇಳಿಸಿದರೆ ಮೂಡಿಗೆರೆಯಲ್ಲಿ ಪ್ಲಗ್ ಕಿತ್ತಿಡುತ್ತಿದ್ದೆ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ಬೀಗ ಹಾಕಿದೆನೇ ಎಂದು ವಾಪಸು ಬಂದು ಎಳೆದು ನೋಡುತ್ತಿದ್ದೆ. ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುತ್ತದೆಂದು ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬ್ ಉರಿಸುವುದು ನಮ್ಮ ಕಡೆ ಎಲ್ಲ ಅಂಗಡಿಯವರ ಪದ್ಧತಿ. ನಾನು ಎರಡು ಉರಿಸುತ್ತಿದ್ದೆ, ಒಂದು ಹೋದರೆ ಇನ್ನೊಂದಿರಲಿ ಎಂದು. "ನೀನು ಸತ್ರೆ ಹೆಣಕ್ಕೂ ಎರಡು ಬಲ್ಬ್ ಇಡ್ಬೇಕು ಮಾರಾಯ" ಎಂದು ಭಾಯಿ ಹೇಳಿದ್ದು ಆಮೇಲೆ ಪೇಟೆಯ ಗಾದೆಯಾಯಿತು.

ಅವನ ತಲೆ ಕೆಡಿಸಿದ ಕ್ಯಾಸೆಟ್ ಕೂಡ ನನ್ನ ಅಂಗಡಿಯದೇ. ತೊಂಬತ್ತರ ದಶಕದ ಮೊದಲ ವರ್ಷಗಳು. ಊಟಿಯಲ್ಲೋ ಎಲ್ಲೋ ಓದುತ್ತಿದ್ದ ಪ್ಲಾಂಟರ್ ಮಗನೊಬ್ಬ ಇಂಗ್ಲಿಷ್ ಕ್ಯಾಸೆಟ್ ಒಂದನ್ನು ಕಾಪಿ ಮಾಡಲು ಕೊಟ್ಟಿದ್ದ. ನಾನದನ್ನು ಹಾಕಿ, ಟೇಪ್ ಕೆಟ್ಟಿದೆಯೆಂದು ತಿಳಿದು ಹೆಡ್ ಒರೆಸತೊಡಗಿದ್ದೆ. ಭಾಯಿ ಬಾಗಿಲಲ್ಲಿ ನಿಂತು ಕೇಳಿದ. ಒಂದು ಅಕ್ಷರ ಅರ್ಥವಾಗಲಿಲ್ಲ ಅವನಿಗೆ. ಆದರೂ ಕೊರಳಿನ ನರ ಎದ್ದಿತು.

"ಇವನು ಹಾಡ್ತಾ ಇಲ್ಲ ಮಾರಾಯ," ಎಂದ. "ಜಗಳ ಆಡ್ತಾ ಇದಾನೆ. ತಾಳ ತಪ್ಪದೆ ಜಗಳ ಆಡ್ತಾ ಇದಾನೆ. ಹಿಂಗೂ ಮಾಡಬಹುದಾ?"

ಆ ಸಂಜೆ ಆ ಕ್ಯಾಸೆಟ್ಟನ್ನು ಏಳು ಸಲ ಕೇಳಿಸಿಕೊಂಡ. ಪ್ಲಾಂಟರ್ ಮಗನಿಗೆ ಗೊತ್ತಾದರೆ ಏನು ಗತಿ ಎಂದು ನಾನು ಏಳು ಸಲವೂ ಬಾಗಿಲು ನೋಡುತ್ತಿದ್ದೆ.

ಅಲ್ಲಿಂದ ಅವನು ಬರೆಯತೊಡಗಿದ. ಬರೆಯುತ್ತಿದ್ದದ್ದು ಪುಸ್ತಕದಲ್ಲಲ್ಲ. ಗ್ಯಾರೇಜಿನಲ್ಲಿ ಜೀಪಿನಡಿ ಅಂಗಾತ ಮಲಗಿ ಕೆಲಸ ಮಾಡುವಾಗ ಸಾಲು ಹೊಳೆದರೆ, ಕಿಸೆಯ ಸೀಮೆಸುಣ್ಣ ತೆಗೆದು ಜೀಪಿನ ಹೊಟ್ಟೆಗೇ ಬರೆದುಬಿಡುತ್ತಿದ್ದ. ಜೀಪಿನವರು ಕಾಯುವರೇ? ಅವನ ಎಷ್ಟೋ ಸಾಲುಗಳು ಕಳಸದ ದಾರಿಯ ಹಳ್ಳ ದಾಟುವಾಗ ತೊಳೆದುಹೋದವು. "ಹೋಗಲಿ ಬಿಡು, ನಿಲ್ಲೋದು ನಿಲ್ತದೆ," ಎನ್ನುತ್ತಿದ್ದ. ಉಸಿರಿನ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಜೀಪು ಏರು ಹತ್ತುವಾಗ ಒಂದು ಮೈಲಿಗಲ್ಲಿನಿಂದ ಮುಂದಿನ ತಿರುವಿನವರೆಗೆ ಉಸಿರು ತೆಗೆಯದೆ ಹೇಳಿ ಅಭ್ಯಾಸ ಮಾಡುತ್ತಿದ್ದ, ವೈಪರಿನ ಟಕ್ ಟಕ್ ಅವನಿಗೆ ಲೆಕ್ಕ. "ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತಿದ್ದೋನು ಯಾವ ಘಾಟಿ ಬೇಕಾದ್ರೂ ಹತ್ತಿಯಾನು. ನೀನು ನೋಡು, ಸುಮ್ನೆ ಕೂತಲ್ಲೇ ಏದುಸಿರು ಬಿಡ್ತೀಯ."

ಮೊದಮೊದಲು ಎಲ್ಲ ತಮಾಷೆಯ ಹಾಡುಗಳೇ. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳದ ಮೇಲೊಂದು, ಎಸ್ಟೇಟ್ ಮ್ಯಾನೇಜರನ ನಾಯಿ ಏನು ತಿನ್ನುತ್ತದೆ ಎಂಬುದರ ಮೇಲೊಂದು. ಚುನಾವಣೆ ಬಂದಾಗ ಎದುರಾಳಿಗಳಿಬ್ಬರೂ ಅವನನ್ನೇ ಪ್ರಚಾರಕ್ಕೆ ಹಿಡಿದರು. ಬೆಳಿಗ್ಗೆ ಒಬ್ಬರ ಜೀಪು, ಮಧ್ಯಾಹ್ನ ಇನ್ನೊಬ್ಬರದು. ಪದ್ಯ ಒಂದೇ, ಹೆಸರು ಬೇರೆ. "ಯಾರಾದ್ರೂ ಹಿಡಿದು ಹೊಡೆದ್ರೆ?" ಎಂದು ನಾನು ಹೆದರಿದರೆ, "ಇಬ್ರೂ ಒಂದೇ ಮಾತು ಕೊಡ್ತಿದ್ರೆ ನಾನ್ಯಾಕೆ ಎರಡು ಪದ್ಯ ಕಟ್ಲಿ?" ಎಂದ.

ಅವನ ದೊಡ್ಡ ಕೆಲಸ 'ಜೀಪ್ ಹಾಡು'. ಒಂದು ಜೀಪಿನೊಳಗೆ ಎಷ್ಟು ಜನ ಹಿಡಿಯುತ್ತಾರೆ ಎಂಬ ವಿವರ ಅದು. ಹೊರನಾಡಿಗೆ ಹರಕೆ ಹೊತ್ತ ದಂಪತಿ, ರಜೆಗೆ ಬಂದ ಮೇಸ್ತ್ರಿ, ಬಾಳೂರಿನ ಸೂಲಗಿತ್ತಿ, ಹುಂಜ, ಹುಂಜಕ್ಕೆ ಹೆದರುವ ಮಾಸ್ತರು. ಪ್ರತಿಯೊಬ್ಬರು ಹತ್ತಿದಾಗಲೂ ಪಲ್ಲವಿ: "ಒಳಗೆ ಬನ್ನಿ ಒಳಗೆ ಬನ್ನಿ, ಇನ್ನೊಬ್ರಿಗೆ ಜಾಗ ಇದೆ!" ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಣಿಚೀಲ ಜಡಿದು ಕಂಬಳಿ ಹೊದೆಸಿ, ಒಂದು ಮಿಕ್ಸರು ಎರಡು ಡೆಕ್ಕು ಇಟ್ಟು ಸ್ಟುಡಿಯೋ ಮಾಡಿದೆವು. ಮೊದಲು ಡಬ್ಬದ ತಾಳವನ್ನಷ್ಟೇ ರೆಕಾರ್ಡ್ ಮಾಡಿದೆವು. ಜೊತೆಗಾರ ನಾಚಿಕೆಯವನು; ಮೈಕ್ ಕಂಡು ಮೂರು ಸಲ ನಕ್ಕು ತಾಳ ಕೆಡಿಸಿದ. ನಾಲ್ಕನೇ ಸಲ ಸರಿಯಾಯಿತು. ಮಾತು ಆಮೇಲೆ ತುಂಬಿಸೋಣ, ಕಾಫಿ ಕೊಯ್ಲು ಮುಗಿಯಲಿ ಎಂದುಕೊಂಡೆವು.

ಕೊಯ್ಲು ಮುಗಿಯಿತು. ಬೇಸಿಗೆಯ ಒಂದು ಬೆಳಿಗ್ಗೆ ಜೊತೆಗಾರ ಜೀಪಿಗೆ ಬರಲಿಲ್ಲ.

ಅವನ ಮನೆ ಬಾಳೂರು ಕಡೆಯ ಒಂದು ಎಸ್ಟೇಟಿನ ಕೂಲಿ ಲೈನಿನಲ್ಲಿ. ಅವನಿಗೆ ತಾಯಿ ಒಬ್ಬಳೇ, ಅದೇ ಎಸ್ಟೇಟಿನಲ್ಲಿ ಕೆಲಸ. ಬೆಳಿಗ್ಗೆ ಏಳರ ಹೊತ್ತಿಗೆ ಬುತ್ತಿ ಹಿಡಿದು, ತೋಟದ ಒಳದಾರಿಯಲ್ಲಿ ರಸ್ತೆಗೆ ಬರುತ್ತಿದ್ದವನು ಬೇಲಿಯ ಹತ್ತಿರ ಬಿದ್ದಿದ್ದ. ಕಾಡುಹಂದಿ ಬರುತ್ತದೆಂದು ರಾತ್ರಿ ಬೇಲಿತಂತಿಗೆ ಕರೆಂಟ್ ಕೊಡುವುದು, ಬೆಳಕು ಹರಿಯುವ ಮೊದಲು ತೆಗೆಯುವುದು, ಹೇಳಬಾರದ ಪದ್ಧತಿ. ಅವತ್ತು ತೆಗೆಯಲು ಮರೆತಿದ್ದರು. ಜನ ಕೂಡುವ ಹೊತ್ತಿಗೆ ತಂತಿಯ ತುಂಡು ಕೂಡ ಅಲ್ಲಿರಲಿಲ್ಲ. ಹಿಂದಿನ ದಿನ ಸಂಜೆ ಎರಡು ಸಲ ಗುಡುಗಿತ್ತು ಎಂಬುದೇ ಆಧಾರವಾಗಿ, ಸಿಡಿಲು ಬಡಿದು ಸಾವು ಎಂದು ಕಾಗದವಾಯಿತು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ "ಪಾಪ, ಸಿಡಿಲು" ಎಂದರು. ನಾನೂ ಅಂದೆ.

ಆ ಎಸ್ಟೇಟಿನ ಸಾಹುಕಾರರೇ ನನ್ನ ಅಂಗಡಿಯ ಕಟ್ಟಡದ ಮಾಲೀಕರು.

ಭಾಯಿ ಒಂದು ತಿಂಗಳು ಕೂಗಲಿಲ್ಲ. ಜೀಪು ಮೂಕವಾಗಿ ಹೋಗಿ ಬರುತ್ತಿತ್ತು. ಆಮೇಲೊಂದು ಮಧ್ಯಾಹ್ನ ಅಂಗಡಿಗೆ ಬಂದು, "ಮಾತು ತುಂಬಿಸೋಣ ನಡಿ," ಎಂದ. ಜೊತೆಗಾರನ ಕೈಯ ತಾಳ ಹಾಕಿದೆ. ಮೇಸ್ತ್ರಿ ಹತ್ತಿದ, ಸೂಲಗಿತ್ತಿ ಹತ್ತಿದಳು, ಹುಂಜ ಹತ್ತಿತು, ಎಲ್ಲ ಮೊದಲಿನ ಹಾಗೆಯೇ. ಕೊನೆಯಲ್ಲಿ "ಇನ್ನೊಬ್ರಿಗೆ ಜಾಗ ಇದೆ" ಎಂದು ಹೇಳಿ, ದನಿ ಇಳಿಸಿ, ಹೊಸ ಎಂಟು ಸಾಲು ಹೇಳಿದ. ಜೀಪಿಗೆ ಹತ್ತದೆ ಹೋದವನ ಕುರಿತ ಎಂಟು ಸಾಲು. ಸಿಡಿಲಲ್ಲ, ತಂತಿ ಎಂಬುದು ಅದರಲ್ಲಿ ಇತ್ತು. ಕೂಗಾಟ ಇಲ್ಲ, ಬೈಗುಳ ಇಲ್ಲ, ಯಾರ ಹೆಸರೂ ಇಲ್ಲ. ಹೆಡ್‌ಫೋನಿನಲ್ಲಿ ಕೇಳುತ್ತಿದ್ದ ನಾನು ಬಾಗಿಲಿನ ಚಿಲಕ ಹಾಕಿದೆಯೇ ಎಂದು ತಿರುಗಿ ನೋಡಿದೆ.

"ಇದು ಬೇಕಾ ಭಾಯಿ?" ಎಂದೆ.

"ಇದಕ್ಕೇ ಉಳಿದಿದ್ದೆಲ್ಲ," ಎಂದ. "ಅವರೆಲ್ಲ ಹತ್ತಿದ್ದೇ ಇವನು ಹತ್ತಲಿಲ್ಲ ಅಂತ ಹೇಳೋಕೆ. ಜನ ನಗ್ತಾ ನಗ್ತಾ ಬರ್ತಾರೆ, ಇಲ್ಲಿಗೆ ಬಂದು ನಿಲ್ತಾರೆ. ನಿಲ್ಬೇಕು. ಅವ್ನ ತಾಯಿಗೆ ಹೇಳಿದೀನಿ, ಕ್ಯಾಸೆಟ್ ಬರ್ತದೆ, ಊರೆಲ್ಲ ಕೇಳ್ತದೆ ಅಂತ."

ಎರಡು ದಿನ ಬಿಟ್ಟು ಸಾಹುಕಾರರು ಅಂಗಡಿ ಮುಂದೆ ಜೀಪು ನಿಲ್ಲಿಸಿದರು. ಒಳ್ಳೆಯ ಮನುಷ್ಯರು, ಯಾರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಕೆಳಗಿಳಿಯಲೂ ಇಲ್ಲ.

"ಏನಪ್ಪ, ಭಾಯಿದು ಹೊಸ ಕ್ಯಾಸೆಟ್ ಬರ್ತದಂತೆ?"

"ಹೌದು ಸಾವ್ಕಾರ್ರೆ, ತಮಾಷೆದು, ಬರೀ ತಮಾಷೆದು."

"ಆಗ್ಲಿ ಆಗ್ಲಿ. ನಂಗೂ ಒಂದು ಇಡು."

ಇಷ್ಟೇ. ಇನ್ನೊಂದು ಮಾತಿಲ್ಲ. ಆದರೆ ನಾನು ಅದನ್ನು ಊಟಕ್ಕೆ ಕೂತಾಗ ಬಿಡಿಸಿ ನೋಡಿದೆ, ಎದ್ದಾಗ ಬಿಡಿಸಿ ನೋಡಿದೆ. 'ಆಗ್ಲಿ' ಎಂದು ಎರಡು ಸಲ ಏಕೆ ಅಂದರು? ನನ್ನ ಹೆಂಡತಿ, "ಎರಡು ಸಲ ಅಂದ್ರೆ ಖುಷಿಯಾಗಿದೆ ಅಂತ," ಎಂದಳು. ನನಗೆ ಅಂಗಡಿ ಖಾಲಿ ಮಾಡಿ ಎಂದೇ ಕೇಳಿಸಿತು. ಬೀದಿಯಲ್ಲಿ ನಿಂತ ಡೆಕ್ಕು, ಬೀದಿಯಲ್ಲಿ ನಿಂತ ಬೀರು, ಬೀರುವಿನೊಳಗೆ ಉರಿಯದ ಎರಡು ಬಲ್ಬು, ಎಲ್ಲ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಿಗ್ಗೆ ಮೊದಲ ಕಂತಿನ ಕಾಪಿಗಳನ್ನು ತೆಗೆಯುವುದಿತ್ತು. ಭಾಯಿ ಕಳಸಕ್ಕೆ ಹೋಗಿದ್ದ. ಅವನದೇ ಜೀಪಿನ ಹಾರ್ನ್ ದನಿ, ಹಾಡಿನ ಶುರುವಿಗೆಂದು ತೆಗೆದದ್ದು, ನನ್ನ ಬಳಿ ಒಂದು ಕ್ಯಾಸೆಟ್ಟಿನಲ್ಲಿತ್ತು. ಎಂಟು ಸಾಲು ಬಂದಾಗ ಅವನ ದನಿಯನ್ನು ಪೂರ್ತಿ ಇಳಿಸಿದೆ, ಹಾರ್ನ್ ಏರಿಸಿದೆ. ಪೋಂ ಪೋಂ ಪೊಪೊಪೋಂ. ಬರೀ ಒದರಿಸಿದ್ದರೆ ಹಾಡು ಕೆಡುತ್ತಿತ್ತು, ಜನ ಏನೋ ಮುಚ್ಚಿದ್ದಾರೆ ಎನ್ನುತ್ತಿದ್ದರು. ಆದರೆ ನನಗೂ ಕಸುಬಿನ ಹೆಮ್ಮೆ ಎಂಬುದೊಂದು ಇತ್ತಲ್ಲ. ಸತ್ತವನ ಡಬ್ಬದ ತಾಳಕ್ಕೆ ಸರಿಯಾಗಿ, ಎಲ್ಲೂ ಮಾತ್ರೆ ತಪ್ಪದಂತೆ, ಹಾರ್ನನ್ನು ಎತ್ತಿ ಇಳಿಸಿ ಕೂರಿಸಿದೆ. ಮೂರು ಸಲ ಮಾಡಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡೆ. ಮೂಲ ಕ್ಯಾಸೆಟ್ ಕೈಯಲ್ಲಿದ್ದರೆ ಮತ್ತೆ ತೊಂದರೆ ಎಂದು ಅದರ ಮೇಲೆ ಯಾರದೋ ಮದುವೆಯ ವಾಲಗ ತುಂಬಿಸಿದೆ. ನನ್ನ ಜೀವಮಾನದ ಅತ್ಯುತ್ತಮ ರೆಕಾರ್ಡಿಂಗ್ ಯಾವುದು ಎಂದು ಯಾರಾದರೂ ಕೇಳಿದರೆ ಆ ಹಾರ್ನ್ ತೋರಿಸಬೇಕಾಗುತ್ತದೆ.

ಕ್ಯಾಸೆಟ್ ಬಂದ ದಿನ ಅಂಗಡಿಯ ಮುಂದೆ ಜನ. ಸ್ಪೀಕರ್ ಹೊರಗಿಟ್ಟು ಹಾಕಿದ್ದೆ. ಭಾಯಿ ಆಗಷ್ಟೇ ಜೀಪಿಳಿದು ಬಂದು, ಜನರ ಬೆನ್ನ ಹಿಂದೆ ನಿಂತ. ಹುಂಜ ಬಂದಾಗ ನಕ್ಕರು. ಮಾಸ್ತರು ಬಂದಾಗ ಇನ್ನೂ ನಕ್ಕರು. ಹಾರ್ನ್ ಶುರುವಾಯಿತು ನೋಡಿ, ಬಿದ್ದು ಬಿದ್ದು ನಕ್ಕರು. ಒಬ್ಬ ಬೀಡಿ ಬಿಸಾಡಿ ಕುಣಿದ. "ಇನ್ನೊಂದ್ಸಲ ಹಾಕಪ್ಪ, ಆ ಹಾರ್ನ್ ಇನ್ನೊಂದ್ಸಲ!"

ಭಾಯಿ ನಗಲಿಲ್ಲ, ಬೈಯಲೂ ಇಲ್ಲ. ಜನ ಕರಗುವವರೆಗೆ ಕಾದು ಒಳಗೆ ಬಂದ.

"ಒರಿಜಿನಲ್ ಕೊಡು."

"ಬೂಷ್ಟು ಹಿಡಿದು ಹೋಯ್ತು ಭಾಯಿ, ಆ ಜಾಗದಲ್ಲಿ ದನಿಯೇ ಇರಲಿಲ್ಲ, ಅದಕ್ಕೇ ಹಾರ್ನ್ ಹಾಕ್ಬೇಕಾಯ್ತು..."

ಅವನು ಬೀರುವಿನ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ಎರಡು ಬಲ್ಬಿನ ಬೆಳಕು ಕಾಣುತ್ತಿತ್ತು.

"ಬಲ್ಬ್ ಇದೆಯಲ್ಲ ಮಾರಾಯ."

"ನಡುವೆ ಕರೆಂಟ್ ಹೋಗಿತ್ತು."

"ಹೂಂ," ಎಂದ. "ನಮ್ಮೂರ ಕರೆಂಟು. ಬೇಕಾದಲ್ಲಿ ಹೋಗ್ತದೆ, ಬೇಡದಲ್ಲಿ ಇರ್ತದೆ."

ಇಷ್ಟು ಹೇಳಿ ಹೊರಟುಹೋದ. ಅವತ್ತು ಅವನು ನನ್ನ ಕೊರಳಪಟ್ಟಿ ಹಿಡಿದು ಎರಡು ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಸಾಹುಕಾರರು ಒಂದು ಕ್ಯಾಸೆಟ್ ಒಯ್ದರು. ವಾರ ಬಿಟ್ಟು ಸಿಕ್ಕಾಗ, "ಆ ಹಾರ್ನ್ ಭಾರಿ ಮಜಾ ಇದೆ ಕಣಯ್ಯ," ಎಂದರು. ಅವರು ಮೊದಲು ಕೇಳಿದ್ದು ಹೆದರಿಸಲಿಕ್ಕೋ, ನಿಜಕ್ಕೂ ಕ್ಯಾಸೆಟ್ ಬೇಕಾಗಿಯೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಹಾಡು ಹತ್ತಿಕೊಂಡಿತು. ಚಿಕ್ಕಮಗಳೂರು, ಕೊಪ್ಪ, ಬೇಲೂರಿನವರೆಗೂ ಜೀಪು ಬಸ್ಸುಗಳಲ್ಲಿ ಅದೇ. ಗಣಪತಿ ಪೆಂಡಾಲು, ರಾಜ್ಯೋತ್ಸವ, ಕಾಲೇಜ್ ಡೇ, ಎಲ್ಲ ಕಡೆ ಕರೆ ಬರತೊಡಗಿತು. ಸೌಂಡ್ ನೋಡಿಕೊಳ್ಳಲು ನಾನೇ ಜೊತೆಗೆ. ಬೇರೆ ಯಾರನ್ನಾದರೂ ಕರೆದೊಯ್ಯಬಹುದಿತ್ತು. ಅವನು ಕರೆದದ್ದು ನನ್ನನ್ನು. ಒಲ್ಲೆ ಎನ್ನುವ ಧೈರ್ಯವೂ ನನಗಿರಲಿಲ್ಲ.

ಮೊದಲ ಸ್ಟೇಜ್ ಕೊಟ್ಟಿಗೆಹಾರದಲ್ಲಿ. ಅವನ ಲೆಕ್ಕ ಸರಳವಾಗಿತ್ತು: ಕ್ಯಾಸೆಟ್ಟಿನಲ್ಲಿ ಇಲ್ಲದಿದ್ದರೇನು, ಬಾಯಲ್ಲಿ ಇದೆಯಲ್ಲ. ಹಾಡು ಶುರುವಾಯಿತು, ಜನ ಹಾಡಿನ ಜೊತೆ ಹತ್ತಿದರು, ಪಲ್ಲವಿ ಮುಗಿಯಿತು. ಅವನು ದನಿ ಇಳಿಸಿ "ಅವತ್ತು ಮೋಡ ಇರ್ಲಿಲ್ಲ..." ಎನ್ನುವಷ್ಟರಲ್ಲಿ ಸಾವಿರ ಬಾಯಿ ಒಟ್ಟಿಗೆ ಪೋಂ ಪೋಂ ಪೊಪೊಪೋಂ ಎಂದವು. ಹೆಂಗಸರು, ಮಕ್ಕಳು, ಬಂದೋಬಸ್ತಿಗೆ ನಿಂತವರು, ಎಲ್ಲ. ಎಂಟು ಸಾಲು ಮುಗಿಯುವವರೆಗೆ, ನಾನು ಕೂರಿಸಿದ್ದ ಮಾತ್ರೆಯಲ್ಲೇ, ಒಂದೂ ತಪ್ಪದೆ. ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮೈಕಿನ ದನಿ ಏರಿಸು ಎಂದು ನನಗೆ ಸನ್ನೆ ಮಾಡಿದ. ಏರಿಸಿದೆ. ಕೊನೆಯ ತನಕ ಏರಿಸಿದೆ. ಆದರೂ ಜನರದೇ ಮೇಲಾಯಿತು.

ಮುಂದಿನೂರಿನಲ್ಲಿ ಎಂಟು ಸಾಲನ್ನು ಮೊದಲೇ ಹೇಳಲು ಹೊರಟರೆ ಎರಡನೇ ಸಾಲಿಗೇ "ಇದೇನು ಕೊರೆತ, ಹಾರ್ನ್ ಹಾಡು ಹಾಕೋ!" ಎಂದರು. ಇನ್ನೊಂದೂರಿನಲ್ಲಿ ಹಾಡು ನಿಲ್ಲಿಸಿ, "ಒಂದು ನಿಮಿಷ ಸುಮ್ನಿರಿ, ಇಲ್ಲೊಂದು ವಿಷಯ ಇದೆ," ಎಂದು ಕೈಮುಗಿದ. ಅದಕ್ಕೂ ನಕ್ಕರು, ಅದೂ ಹಾಡಿನೊಳಗಿನ ತಮಾಷೆ ಎಂದುಕೊಂಡರು. ಒಂದು ಕಡೆ ಸಂಘಟಕರೊಬ್ಬರು ಹಿಂದೆ ಕರೆದು ಸಮಾಧಾನವಾಗಿ ಹೇಳಿದರು: "ಭಾಯಿ, ಜನ ಬರೋದು ಹಾರ್ನಿಗೆ. ನೀವು ನಡುವೆ ಭಾಷಣ ಮಾಡಿದ್ರೆ ಹೆಂಗೆ?"

ಎರಡು ವರ್ಷ ಹೀಗೇ ಹೊಡೆದಾಡಿದ. ಚಿಕ್ಕಮಗಳೂರಿನ ಒಂದು ದೊಡ್ಡ ಪೆಂಡಾಲಿನಲ್ಲಿ, ಮಳೆ ಹನಿಯುತ್ತಿದ್ದ ಸಂಜೆ, ಆ ಜಾಗ ಬಂತು. ಅವನು ಬಾಯಿ ತೆರೆದ. ನಾನು ಮಿಕ್ಸರಿನ ಮುಂದೆ ಕೈ ಕಟ್ಟಿಕೊಂಡು ಕಾದಿದ್ದೆ. ಅವನು ಮೈಕನ್ನು ತುಟಿಗೆ ಒತ್ತಿ ತಾನೇ ಹಾರ್ನ್ ಹೊಡೆದ. ಪೋಂ ಪೋಂ ಪೊಪೊಪೋಂ. ಪೆಂಡಾಲು ಹಾರಿಹೋಗುವಷ್ಟು ಚಪ್ಪಾಳೆ. ಕೆಳಗಿಳಿದು ಬಂದು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಹೆಂಗಿತ್ತು? ತಾಳ ಸರಿ ಇತ್ತಾ?" ಎಂದು ಕೇಳಿದ. ಸರಿ ಇತ್ತು ಎಂದೆ. ಸರಿಯಾಗಿಯೇ ಇತ್ತು.

ಬೆಂಗಳೂರಿನ ಟಿ.ವಿ.ಯೊಂದು ಹೊಸ ಪ್ರತಿಭೆಗಳನ್ನು ಹುಡುಕುತ್ತಿದ್ದಾಗ ಇವನನ್ನೂ ಕರೆಸಿತು. ಹೊರಗಿನವರ ಮುಂದೆಯಾದರೂ ಹೇಳಬಹುದು ಎಂಬ ಆಸೆ ಅವನಿಗೆ, ಅಲ್ಲಿ ಹಾರ್ನ್ ಕೂಗುವ ಜನ ಇರುವುದಿಲ್ಲವಲ್ಲ. ನಾಲ್ಕು ಜನರೆದುರು, ತಣ್ಣಗಿನ ಕೋಣೆಯಲ್ಲಿ, ಮೊದಲ ಸಲ ಎಂಟೂ ಸಾಲು ಪೂರ್ತಿ ಹೇಳಿದ. ಕನ್ನಡಕ ತಲೆಯ ಮೇಲಿಟ್ಟುಕೊಂಡಿದ್ದ ಒಬ್ಬರು, "ಚೆನ್ನಾಗಿದೆ, ಆದ್ರೆ ಸ್ವಲ್ಪ ಹೆವಿ ಆಯ್ತು. ನಿಮ್ದು ಒಂದು ಹಾರ್ನ್ ಐಟಂ ಇದೆಯಂತಲ್ಲ, ಅದು ಮಾಡಿ," ಎಂದರು. ಅವನು ಅವರಿಗೆ ಸಲಾಂ ಹೇಳಿ ಹೊರಗೆ ಬಂದ. ವಾಪಸು ಬಸ್ಸಿನಲ್ಲಿ ಹಾಸನ ದಾಟಿದ ಮೇಲೆ ಕೇಳಿದ: "ಹೆವಿ ಅಂದ್ರೆ ಎಷ್ಟು ಕೆ.ಜಿ. ಇರಬಹುದು ಮಾರಾಯ?"

ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಅದೂ ಹೋಗಿ ಮೊಬೈಲ್ ಬಂತು. ನಾನು ಅಂಗಡಿಯಲ್ಲಿ ಕರೆನ್ಸಿ ಹಾಕುವುದು, ಮೆಮೊರಿ ಕಾರ್ಡಿಗೆ ಹಾಡು ತುಂಬುವುದು ಶುರು ಮಾಡಿದೆ. ಜೀಪ್ ಹಾಡಿನ ಹಾರ್ನ್ ಭಾಗವನ್ನಷ್ಟೇ ಕತ್ತರಿಸಿ ಯಾರೋ ರಿಂಗ್‌ಟೋನ್ ಮಾಡಿದರು. ಅದನ್ನು ನನ್ನ ಅಂಗಡಿಯಲ್ಲೇ ಎಷ್ಟು ಫೋನಿಗೆ ಹಾಕಿಕೊಟ್ಟಿದ್ದೇನೋ. ಸಂತೆಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಸಾವಿನ ಮನೆಯ ಅಂಗಳದಲ್ಲಿ ಅದು ಕಿಸೆಗಳಿಂದ ಒದರುತ್ತಿತ್ತು. ಭಾಯಿ ಆ ಹೊತ್ತಿಗೆ ಸ್ಟೇಜ್ ಬಿಟ್ಟು ಅಪ್ಪನ ಗ್ಯಾರೇಜಿಗೆ ಮರಳಿದ್ದ. ದಿನಾ ಸಂಜೆ ನಾಲ್ಕೂವರೆಗೆ ಅಂಗಡಿಗೆ ಬಂದು, ಕಪ್ಪು ಬೆರಳುಗಳಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಿದ್ದ. ಹದಿನೈದು ವರ್ಷ ಹೆಚ್ಚುಕಡಿಮೆ ಒಂದು ದಿನ ತಪ್ಪಿಸಲಿಲ್ಲ. ಆ ವಿಷಯ ಎತ್ತಲೂ ಇಲ್ಲ. ಇವತ್ತು ಎತ್ತುತ್ತಾನೆ ಎಂದು ನಾನು ದಿನಾ ನಾಲ್ಕು ಗಂಟೆಯಿಂದ ಬೆವರುತ್ತಿದ್ದೆ. ಅದು ಅವನಿಗೆ ಗೊತ್ತಿತ್ತೆಂದೇ ನನ್ನ ಅನುಮಾನ.

ಒಮ್ಮೆ ಚಿಕ್ಕಮಗಳೂರಿನಿಂದ ಟೋಪಿ ಹಿಂದುಮುಂದಾಗಿ ಇಟ್ಟುಕೊಂಡ ರ‍್ಯಾಪರ್ ಒಬ್ಬ ಹುಡುಕಿಕೊಂಡು ಬಂದ. ಚಹಾದ ಹೊತ್ತಿಗೇ ಬಂದ. ಭಾಯಿಯ ಕಾಲು ಮುಟ್ಟಿ, "ಸರ್, ಕನ್ನಡದಲ್ಲಿ ನೀವೇ ನಮಗೆಲ್ಲ ಗುರು. ಆ ಹಾರ್ನ್ ನನ್ನ ಹೊಸ ಟ್ರ್ಯಾಕಲ್ಲಿ ಬಳಸ್ಲಾ?" ಎಂದ.

"ನನ್ನ ಕಾಲು ಬಿಡಪ್ಪ," ಎಂದ ಭಾಯಿ, ನನ್ನ ಕಡೆ ಗಲ್ಲ ಎತ್ತಿ. "ಗುರು ಅಲ್ಲಿ ಕೂತಿದಾನೆ. ನನ್ನ ಹಾಡಲ್ಲಿ ಜನ ಮೆಚ್ಚಿದ್ದೆಲ್ಲ ಇವನ ಕೈಕೆಲಸ."

ಹುಡುಗ ನನ್ನ ಕಾಲಿಗೂ ಬಿದ್ದ.

ಕಾಮಾಲೆಯಾಗಿ ಭಾಯಿ ಮೂರು ವಾರ ಮಲಗಿದ್ದ, ಅಷ್ಟೇ. ನೋಡಲು ಹೋದಾಗ ಕಣ್ಣು ಅರಿಸಿನವಾಗಿತ್ತು. ಈ ಸಲ ನಾನೇ ಎತ್ತಿದೆ. "ಭಾಯಿ, ಅವತ್ತು ಬೂಷ್ಟು ಹಿಡಿದಿರಲಿಲ್ಲ," ಎಂದೆ. ಎಷ್ಟೋ ವರ್ಷ ಬಾಯಲ್ಲಿ ಸುತ್ತಿಸಿಟ್ಟುಕೊಂಡಿದ್ದ ಮಾತು. ಅವನು ಸುಸ್ತಿನಲ್ಲಿ ಕಣ್ಣು ಮುಚ್ಚಿಕೊಂಡೇ, "ನಂಗೆ ಹೇಳಿ ಏನ್ ಬಂತು? ನಂಗೆ ಗೊತ್ತಿತ್ತಲ್ಲ," ಎಂದ. ಆ ಗುರುವಾರ ತೀರಿಕೊಂಡ.

ಮಣ್ಣು ಮುಗಿಸಿ ಕಬರಸ್ತಾನದಿಂದ ಹೊರಗೆ ಬರುವಾಗ ಗೇಟಿನ ಆಚೆ ರಸ್ತೆಬದಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಜೊತೆಗಾರನ ತಾಯಿ. ಬಾಳೂರಿನಿಂದ ಮೊದಲ ಬಸ್ಸಿಗೆ ಬಂದಿದ್ದರಂತೆ. ನಾನು ಗುರುತು ಹತ್ತದವನಂತೆ ದಾಟುವುದರಲ್ಲಿದ್ದೆ.

"ಅಣ್ಣಾ, ನೀವಲ್ವಾ ಕ್ಯಾಸೆಟ್ ಅಂಗಡಿಯೋರು?"

ಹೌದೆಂದೆ.

"ನನ್ ಮಗಂದು ಆ ಹಾಡಲ್ಲಿ ಇದೆ ಅಂದಿದ್ದ ಭಾಯಿ. ಮೇಸ್ತ್ರಿ ಮನೇಲಿ ಹಾಕ್ಸಿ ಕೇಳಿದೆ. ಹಾರ್ನ್ ಬಂತು. ಹಾರ್ನ್ ಅಡೀಲಿ ಏನಿತ್ತು ಹೇಳಪ್ಪ ಅಂದ್ರೆ ಅವ್ನು ಒಂದು ದಿನ ಹೇಳ್ಲಿಲ್ಲ. ಮುಚ್ಚಿದೋರನ್ನೇ ಕೇಳಿ, ಅವ್ರೇ ಹೇಳ್ಬೇಕು ಅಂತಿದ್ದ. ಕೂಲಿ ಬಿಟ್ಟು ನಂಗೆ ಪೇಟೆಗೆ ಬರೋಕೇ ಆಗ್ಲಿಲ್ಲ. ಏನಿತ್ತಣ್ಣ ಅದ್ರಲ್ಲಿ?"

ರಸ್ತೆಯಲ್ಲಿ ಜನ ಇದ್ದರು. ಎಸ್ಟೇಟಿನ ಜೀಪೊಂದೂ ನಿಂತಿತ್ತು. ನಾನು ಅವರನ್ನು ಮರದ ಹಿಂದಕ್ಕೆ ಕರೆದುಕೊಂಡು ಹೋದೆ. ಸಾಹುಕಾರರು ಸತ್ತು ಮೂರು ವರ್ಷವಾಗಿತ್ತು, ಅಂಗಡಿ ಬೇರೆ ಕಟ್ಟಡಕ್ಕೆ ಬದಲಾಗಿತ್ತು, ಆದರೂ ಮರದ ಹಿಂದಕ್ಕೇ ಹೋದೆ. ಆ ಸಾಲುಗಳು ನನಗೆ ಒಂದಕ್ಷರ ಮರೆತಿರಲಿಲ್ಲ. ತಾಳವಿಲ್ಲದೆ, ಉಸಿರು ಎಲ್ಲಿ ತೆಗೆಯಬೇಕೆಂದು ಗೊತ್ತಾಗದೆ, ಪಿಸುದನಿಯಲ್ಲಿ ಹೇಳಿದೆ:

"ಅವತ್ತು ಮೋಡ ಇರ್ಲಿಲ್ಲ, ಗುಡುಗೂ ಇರ್ಲಿಲ್ಲ,
ಬೆಳಿಗ್ಗೆ ಏಳು ಗಂಟೆ, ಸಿಡಿಲಿನ ಹೊತ್ತಲ್ಲ.
ನನ್ನ ಜೊತೆಗಾರ ಬಂದ, ಕಾಲಿಗೆ ಚಪ್ಪಲಿಲ್ಲ,
ಕೈಯಲ್ಲಿ ಬುತ್ತಿ ಇತ್ತು, ಕತ್ತಿ ಇರ್ಲಿಲ್ಲ.
ಹಂದಿಗೆ ಕಟ್ಟಿದ ತಂತಿ, ಹಂದಿ ಬರ್ಲಿಲ್ಲ,
ಬಂದೋನು ಮನುಷ್ಯ, ತಂತಿಗೆ ಗೊತ್ತಿಲ್ಲ.
ತಂತಿಗೆ ಗೊತ್ತಿಲ್ಲ, ಕಟ್ಟಿದೋರಿಗೆ ಗೊತ್ತು,
ಬುತ್ತಿ ಬಿಚ್ಚಿ ನೋಡಿ, ರೊಟ್ಟಿ ಬಿಸಿ ಇತ್ತು."

ಅವರು ತಲೆಯ ಮೇಲಿನ ಸೆರಗು ಹಿಡಿದುಕೊಂಡು ಕೇಳಿದರು. ಮುಗಿದ ಮೇಲೂ ಇನ್ನೇನಾದರೂ ಇದೆಯೇ ಎಂದು ಸ್ವಲ್ಪ ಕಾದರು.

"ರೊಟ್ಟಿ ಅಲ್ಲ," ಎಂದರು. "ಅವತ್ತು ಕಡುಬು ಕಟ್ಟಿದ್ದೆ."

ನಾನು ಮರದಾಚೆ ನಿಂತ ಜೀಪಿನ ಕಡೆ ನೋಡಿದೆ.

"ಇಷ್ಟೇನಾ?"

"ಇಷ್ಟೇ."

"ಇದನ್ನ ಕಾಗದ ಬರ್ಕೊಳ್ಳೋಕೆ ಬಂದೋರಿಗೆ ಅವತ್ತೇ ಹೇಳಿದ್ದೆ ನಾನು. ಸಾವ್ಕಾರ್ರ ಮನೆ ಮುಂದೆ ನಿಂತು ಹೇಳಿದ್ದೆ. ಕೊಟ್ಟಿಗೆಹಾರದ ಸಂತೇಲೂ ಹೇಳಿದ್ದೆ, ಇಷ್ಟು ಗಟ್ಟಿಯಾಗಿ." ಮರದಾಚೆಯ ಜೀಪಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದರು. ಆಮೇಲೆ, ಹೆದರಿದ ಮಗುವಿಗೆ ಹೇಳುವ ಹಾಗೆ, ನನ್ನ ತೋಳು ಮುಟ್ಟಿದರು.

"ನಂಗೆ ಯಾರೂ ಏನೂ ಮಾಡ್ಲಿಲ್ಲ ಅಣ್ಣ."